ಉಳದೇ ಗೋಧಿ ಬಿತ್ತೋದು, ನಮ್ಮ ಹಾಸನದ ಹೊಲ: ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಭಾರತದಲ್ಲಿ ಗೋಧಿಯನ್ನು ಉಳುಮೆ ಇಲ್ಲದೆ ಬಿತ್ತುವ ವಿಡಿಯೊಗಳು ಈಗ ಎಲ್ಲರ ಫೋನಿಗೂ ಬರುತ್ತಿವೆ. ಅದನ್ನು ನೋಡಿದ ಹಾಸನ, ಆಲೂರು, ಅರಸೀಕೆರೆ, ಕಡೂರು ಕಡೆಯ ರೈತರು ಮಾತಿಗೆ ಸಿಕ್ಕಾಗ, ಫೋನ್ ಮಾಡಿದಾಗ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ಹೆಚ್ಚು ತಿದ್ದಿಲ್ಲ.

## ಮೊದಲು ತಿಳಿಯಬೇಕಾದ್ದು

ಉಳದೇ ಬಿತ್ತೋದು ಅಂದ್ರೆ ಸುಮ್ನೆ ಬೀಜ ಎರಚಿ ಬರೋದಾ?

ಅಲ್ಲ. ಹಿಂದಿನ ಬೆಳೆಯ ಕೂಳೆ ಹಾಗೇ ನಿಂತಿರುತ್ತದೆ. ಟ್ರಾಕ್ಟರ್ ಹಿಂದೆ ಕಟ್ಟಿದ ಕೂರಿಗೆ ನೆಲದಲ್ಲಿ ಒಂದು ಕಿರಿದಾದ ಸೀಳು ಮಾಡುತ್ತದೆ. ಅದೇ ಸೀಳಿಗೆ ಬೀಜವೂ ಗೊಬ್ಬರವೂ ಬೀಳುತ್ತವೆ. ಸಾಲಿನಿಂದ ಸಾಲಿಗೆ ಸುಮಾರು 20 ಸೆಂಟಿಮೀಟರ್. ನಡುವಿನ ಮಣ್ಣನ್ನು ಯಾರೂ ಮುಟ್ಟುವುದಿಲ್ಲ. ಗೋಧಿ ಬೀಜ 4ರಿಂದ 5 ಸೆಂಟಿಮೀಟರ್ ಆಳಕ್ಕೆ ಹೋಗಬೇಕು. ಎಕರೆಗೆ 40 ಕೆಜಿ ಬೀಜ ಸಾಕು, ಉತ್ತು ಬಿತ್ತುವಾಗಲೂ ಅಷ್ಟೇ ಬೇಕು.

ಕೂರಿಗೆಯ ಕುಳ ಮಾಮೂಲಿ ಕಲ್ಟಿವೇಟರ್ ಕುಳದಂತಿರುವುದಿಲ್ಲ. ತಲೆಕೆಳಗಾದ ಇಂಗ್ಲಿಷ್ 'ಟಿ' ಅಕ್ಷರದ ಆಕಾರ ಅದರದ್ದು. ಮೇಲೆ ಸಣ್ಣ ಸೀಳು, ಒಳಗೆ ಸ್ವಲ್ಪ ಅಗಲ. ಇದರಿಂದ ಬೀಜದ ಸುತ್ತ ಹಸಿ ಉಳಿಯುತ್ತದೆ. ಈ ಕುಳ ನ್ಯೂಜಿಲೆಂಡ್‌ನಿಂದ ಬಂದದ್ದು. ಅದನ್ನು ನಮ್ಮ ದೇಶದ ಟ್ರಾಕ್ಟರ್‌ಗೆ ಹೊಂದುವ ಕೂರಿಗೆಯಾಗಿ 1990ರ ಆಸುಪಾಸಿನಲ್ಲಿ ರೂಪಿಸಿದ್ದು ಪಂತ್‌ನಗರದ ಕೃಷಿ ವಿಶ್ವವಿದ್ಯಾಲಯ.

ಪಂಜಾಬ್, ಹರಿಯಾಣದವರಿಗೆ ಟ್ರಾಕ್ಟರ್‌ಗೆ ಬರ ಇಲ್ಲ. ಆದರೂ ಯಾಕೆ ಉಳೋದು ಬಿಟ್ಟರು?

ಅವರಿಗೆ ಬರ ಇದ್ದದ್ದು ದಿನಗಳಿಗೆ. ಅಲ್ಲಿ ಭತ್ತ ಕೊಯ್ದ ಗದ್ದೆಗೇ ಗೋಧಿ ಹಾಕಬೇಕು. ಭತ್ತಕ್ಕೆ ಕೆಸರು ಮಾಡಿದ ಮಣ್ಣು ಉಳುಮೆಗೆ ಬೇಗ ಹದಕ್ಕೆ ಬರುವುದಿಲ್ಲ. ಹಸಿ ಇದ್ದಾಗ ಉತ್ತರೆ ದೊಡ್ಡ ಹೆಂಟೆ ಏಳುತ್ತದೆ. ಅದನ್ನು ಒಡೆಯಲು ಮತ್ತೆ ಕಲ್ಟಿವೇಟರ್, ಮತ್ತೆ ಹಲುಬೆ. ಆರೆಂಟು ಸಲ ಟ್ರಾಕ್ಟರ್ ಓಡಾಡಿ, ಒಂದೆರಡು ವಾರ ಕಳೆದು, ಆಮೇಲೆ ಬಿತ್ತನೆ.

ಗೋಧಿಗೆ ಆ ಒಂದೆರಡು ವಾರ ಬಹಳ ದುಬಾರಿ. ಕಾಳು ಹಾಲುಗಟ್ಟುವಾಗ ತಂಪಿರಬೇಕು. ತಡವಾಗಿ ಬಿತ್ತಿದರೆ ಆ ಹಂತ ಮಾರ್ಚ್ ಬಿಸಿಲಿಗೆ ಸಿಕ್ಕಿ ಕಾಳು ಜೊಳ್ಳಾಗುತ್ತದೆ. ನವೆಂಬರ್ ಮುಗಿದ ಮೇಲೆ ಒಂದೊಂದು ದಿನ ತಡವಾದರೂ ಇಳುವರಿ ಸುಮಾರು 1ರಿಂದ 1.5% ಇಳಿಯುತ್ತದೆ ಎಂಬುದು ಆ ಬಯಲಿನ ಲೆಕ್ಕ. 2022ರ ಮಾರ್ಚ್ ನೆನಪಿದೆಯಲ್ವಾ? ದೇಶದಲ್ಲಿ ದಾಖಲೆಯ ಬಿಸಿಲು. ಗೋಧಿ ಸೊರಗಿತು, ಆ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಗೋಧಿ ರಫ್ತನ್ನೇ ನಿಲ್ಲಿಸಿತು. ಉಳುಮೆ ಬಿಟ್ಟವರು ಭತ್ತ ಕೊಯ್ದ ಬೆನ್ನಿಗೇ, ಗದ್ದೆಯಲ್ಲಿ ಉಳಿದ ಹಸಿಯಲ್ಲೇ ಬಿತ್ತಬಹುದು.

ಇನ್ನೊಂದು ಕಾರಣ ಕಳೆ. 1990ರ ದಶಕದ ಮೊದಲಲ್ಲಿ ಹರಿಯಾಣದಲ್ಲಿ 'ಗುಲ್ಲಿ ದಂಡಾ' ಎಂಬ ಕಳೆ ಐಸೊಪ್ರೊಟ್ಯುರಾನ್ ಕಳೆನಾಶಕಕ್ಕೆ ಜಗ್ಗದಂತಾಯಿತು. ಎಳೆಯದರಲ್ಲಿ ಅದು ಗೋಧಿ ಪೈರಿನ ಹಾಗೇ ಕಾಣುತ್ತದೆ, ಕೈಯಿಂದ ಕೀಳುವುದೂ ಕಷ್ಟ. ಕೆಲವರು ಬೆಳೆಯನ್ನೇ ಹಸಿ ಮೇವಿಗೆ ಕೊಯ್ದರು. ಉಳದೇ ಬಿತ್ತಿದ ಗದ್ದೆಯಲ್ಲಿ ಈ ಕಳೆ ಕಡಿಮೆ ಹುಟ್ಟಿತು. ಮಣ್ಣು ಮಗುಚದೇ ಇದ್ದುದರಿಂದ ಒಳಗಿನ ಕಳೆಬೀಜ ಮೇಲೆ ಬರಲಿಲ್ಲ, ಗೋಧಿಯೂ ಮೊದಲೇ ಹುಟ್ಟಿ ನೆಲ ಮುಚ್ಚಿತು. ರೈತರನ್ನು ಒಪ್ಪಿಸಿದ್ದು ಹೆಚ್ಚಾಗಿ ಇದೇ ಅನ್ನಬೇಕು.

ದುಡ್ಡು ಎಷ್ಟು ಉಳಿಯುತ್ತೆ, ಅದು ಹೇಳಿ.

ಗೋಧಿಯಲ್ಲಿ ಎಕರೆಗೆ ಸುಮಾರು 15ರಿಂದ 20 ಲೀಟರ್ ಡೀಸೆಲ್ ಉಳಿಯುತ್ತದೆ. ಮೊದಲ ನೀರಿನಲ್ಲೂ ಉಳಿತಾಯ ಇದೆ. ಉತ್ತ ಸಡಿಲ ನೆಲ ನೀರು ಕುಡಿಯುತ್ತಾ ನಿಲ್ಲುತ್ತದೆ, ಉಳದ ನೆಲದ ಮೇಲೆ ನೀರು ಬೇಗ ಹರಿದು ತಾಕಿನ ಕೊನೆ ಮುಟ್ಟುತ್ತದೆ. ಬಿತ್ತಿದ ಸುಮಾರು 21ನೇ ದಿನಕ್ಕೆ ಕೊಡುವ ಆ ನೀರು ನಿಂತುಬಿಟ್ಟರೆ ಗೋಧಿ ಹಳದಿಯಾಗುತ್ತದೆ. ಉಳದ ಗದ್ದೆಯಲ್ಲಿ ಆ ತೊಂದರೆ ಕಡಿಮೆ.

ನಿಮ್ಮೂರಿನ ಲೆಕ್ಕ ನೀವೇ ಹಾಕಿ. ಒಂದು ಬಿತ್ತನೆಗೆ ಎಷ್ಟು ಗಂಟೆ ಕಲ್ಟಿವೇಟರ್, ಎಷ್ಟು ಗಂಟೆ ರೋಟವೇಟರ್ ಹೊಡೆಸುತ್ತೀರಿ, ಗಂಟೆಗೆ ಬಾಡಿಗೆ ಎಷ್ಟು? ಅದರಲ್ಲಿ ಬಿತ್ತುವ ಖರ್ಚು, ಮೊದಲ ವರ್ಷ ಕಳೆಗೆ ಹೋಗುವ ಹೆಚ್ಚಿನ ಆಳುಗಳ ಕೂಲಿ ಕಳೆಯಿರಿ. ಉಳಿದದ್ದು ಲಾಭ.

ನಮ್ಮ ಹಾಸನದಲ್ಲಿ ಗೋಧಿ ಬರುತ್ತಾ?

ಬರುತ್ತದೆ, ಆದರೆ ಪಂಜಾಬಿನ ಇಳುವರಿ ಕನಸು ಬೇಡ. ನಮ್ಮ ಚಳಿಗಾಲ ಚಿಕ್ಕದು, ಅಷ್ಟು ತಂಪೂ ಇಲ್ಲ. ಕರ್ನಾಟಕದ ಗೋಧಿ ಇರುವುದು ಧಾರವಾಡ, ಬೆಳಗಾವಿ, ಬಾಗಲಕೋಟೆ, ವಿಜಯಪುರ, ಗದಗ ಕಡೆ. ದಕ್ಷಿಣದಲ್ಲಿ ಗೋಧಿಗೆ ತುಕ್ಕು ರೋಗದ ಕಾಟವೂ ಇದೆ. ನೀಲಗಿರಿ ಬೆಟ್ಟದಲ್ಲಿ ವರ್ಷವಿಡೀ ಉಳಿಯುವ ತುಕ್ಕಿನ ಶಿಲೀಂಧ್ರ ಗಾಳಿಯಲ್ಲಿ ಈ ಕಡೆ ಬರುತ್ತದೆ. ಮನೆ ಖರ್ಚಿಗೆ ಹತ್ತು ಗುಂಟೆ ಹಾಕಿ ನೋಡುವವರಿಗೆ ನನ್ನ ಸಲಹೆ ಜವೆ ಗೋಧಿ. ತುಕ್ಕಿಗೆ ತಡೆಯುತ್ತದೆ, ಪಾಯಸಕ್ಕೆ, ರವೆಗೆ ಚೆನ್ನ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಡಿಕೆ 1025, ಡಿಡಿಕೆ 1029 ತಳಿಗಳು ಇದರವೇ. ನವೆಂಬರ್ ಮೊದಲ ಹದಿನೈದು ದಿನದೊಳಗೆ ಬಿತ್ತಿ. ಆದರೆ ಇಲ್ಲಿ ಗೋಧಿಗೆ ಮಂಡಿ ಇಲ್ಲ, ಮಾರಾಟ ನಂಬಿ ಎಕರೆಗಟ್ಟಲೆ ಹಾಕಬೇಡಿ.

## ನಮ್ಮ ಹೊಲಕ್ಕೆ ತಂದಾಗ

ಗೋಧಿನೇ ಬೆಳೆಯಲ್ಲ ಅಂದ್ಮೇಲೆ ನಮಗೆ ಇದರಿಂದ ಏನು ಪ್ರಯೋಜನ ಸಾರ್?

ತುಂಬಾ ಜನ ಕೇಳುವ ಪ್ರಶ್ನೆ ಇದು. ಗೋಧಿಯವರ ಪಾಠದಲ್ಲಿ ನಾವು ತೆಗೆದುಕೊಳ್ಳಬೇಕಾದ್ದು ಒಂದೇ: ಹಿಂದಿನ ಬೆಳೆ ಬಿಟ್ಟುಹೋದ ಹಸಿಯನ್ನು ಉಳುಮೆಯಲ್ಲಿ ಒಣಗಿಸಬೇಡಿ. ನಮ್ಮಲ್ಲಿ ಆ ಹಸಿ ಎರಡು ಕಡೆ ಸುಮ್ನೆ ಹೋಗುತ್ತಿದೆ.

ಒಂದು, ಹೇಮಾವತಿ, ಯಗಚಿ ನಾಲೆ ಕೆಳಗಿನ ಮತ್ತು ಕೆರೆ ಕೆಳಗಿನ ಗದ್ದೆ. ಭತ್ತ ಕೊಯ್ದಾಗ ಕಾಲಿಟ್ಟರೆ ಹೆಜ್ಜೆ ಮೂಡುವಷ್ಟು ಹಸಿ ಇರುತ್ತದೆ. 'ಒಣಗಲಿ, ಉಳೋಣ' ಎಂದು ಬಿಟ್ಟರೆ ಜನವರಿಗೆ ಗದ್ದೆ ಬಿರುಕು ಬಿಟ್ಟಿರುತ್ತದೆ, ಆಮೇಲೆ ಬೇಸಿಗೆ ಪೂರ್ತಿ ಖಾಲಿ. ಆಂಧ್ರದ ಕೃಷ್ಣಾ, ಗೋದಾವರಿ ಬಯಲಲ್ಲಿ ಭತ್ತದ ಕೊಯ್ಲಿಗೆ ಕೆಲವು ದಿನ ಮೊದಲೇ, ನಿಂತ ಪೈರಿನ ನಡುವೆಯೇ ಉದ್ದು ಎರಚುತ್ತಾರೆ. ಗುಂಟೂರು ಕಡೆ ಭತ್ತದ ಕೂಳೆಯಲ್ಲೇ ಮೆಕ್ಕೆಜೋಳ ಊರುತ್ತಾರೆ. ನಮ್ಮಲ್ಲಿ ಚಳಿ ಜಾಸ್ತಿ ಇರುವ ಕಡೆ ಉದ್ದು, ಹೆಸರು ನಿಧಾನ, ಬೂದಿ ರೋಗವೂ ಬರುತ್ತದೆ. ಅಂಥ ಕಡೆ ಅಲಸಂದೆ, ಹುರುಳಿ ನೋಡಿ. ಇನ್ನೊಂದು ಮಾತು. ಚೈನ್ ಮಿಷಿನ್‌ನಲ್ಲಿ ಕೊಯ್ಯಿಸುವುದಾದರೆ ಮೊದಲೇ ಎರಚಬೇಡಿ, ಚೈನ್ ತುಳಿದ ಕಡೆ ಮೊಳಕೆ ಉಳಿಯುವುದಿಲ್ಲ. ಕೊಯ್ದ ಮಾರನೇ ದಿನವೇ ಊರಿ.

ಎರಡು, ಮುಂಗಾರಿನ ಮೆಕ್ಕೆಜೋಳದ ಹೊಲ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ತೆನೆ ಮುರಿದ ಮೇಲೆ ಹಿಂಗಾರು ಮಳೆ ಇನ್ನೂ ಬಾಕಿ ಇರುತ್ತದೆ. ಕಡ್ಡಿ ಕಿತ್ತು, ಸುಟ್ಟು, ಉತ್ತು, ಹದ ಮಾಡುವಷ್ಟರಲ್ಲಿ ಒಳ್ಳೆಯ ಮಳೆ ಹೋಗಿರುತ್ತದೆ. ಕಡ್ಡಿಯನ್ನು ಮೊಣಕಾಲೆತ್ತರಕ್ಕೆ ಕೊಯ್ದು ಸಾಲಿನ ನಡುವೆ ಅವರೆಯೋ ಹುರುಳಿಯೋ ಕಡಲೆಯೋ ಊರಿದರೆ ಆ ಮಳೆ ಬೆಳೆಗೇ ಸಿಗುತ್ತದೆ.

ಆಲೂಗಡ್ಡೆ, ಶುಂಠಿ, ರಾಗಿಗೂ ಹೀಗೇ ಮಾಡಬಹುದಾ?

ಆಲೂಗಡ್ಡೆ, ಶುಂಠಿಗೆ ಬೇಡ. ಏರು ಕಟ್ಟಬೇಕು, ಗಡ್ಡೆ ಅಗೆಯಬೇಕು, ಅಗೆಯುವುದೇ ಒಂದು ಉಳುಮೆ. ಅಗೆದ ನೆಲ ಹೇಗೂ ಸಡಿಲ ಇರುತ್ತದೆ, ಅದರ ಹಿಂದೆ ಹಾಕುವ ಬೆಳೆಗೆ ಮತ್ತೆ ರೋಟವೇಟರ್ ಹೊಡೆಸದಿದ್ದರೆ ಅಷ್ಟೇ ಲಾಭ.

ರಾಗಿ ಕಷ್ಟ. ಬೀಜ ತೀರಾ ಸಣ್ಣದು, ಆಳಕ್ಕೆ ಹೋದರೆ ಮೇಲೇಳುವುದಿಲ್ಲ. ನಮ್ಮ ಕೆಂಪು ಮಣ್ಣು ಮಳೆ ಬಿದ್ದು ಬಿಸಿಲು ಬಂದರೆ ಮೇಲೆ ಹೆಕ್ಕಳೆ ಕಟ್ಟುತ್ತದೆ. ಮೊದಲ ಪ್ರಯೋಗ ರಾಗಿಯಲ್ಲಿ ಮಾಡಬೇಡಿ. ರಾಗಿಗೆ ಉತ್ತು, ಅದರ ಹಿಂದಿನ ಕಾಳಿಗೆ ಉಳುಮೆ ಬಿಡಿ.

ಹುಲ್ಲೆಲ್ಲಾ ಹೊಲಕ್ಕೇ ಬಿಟ್ಟರೆ ಹಸು ಏನು ತಿನ್ನಬೇಕು?

ನ್ಯಾಯವಾದ ಪ್ರಶ್ನೆ. ಹೊರಗಿನಿಂದ ಬಂದು ಪಾಠ ಹೇಳುವವರು ಇದಕ್ಕೆ ಉತ್ತರ ಕೊಡದೇ ಹೋಗುತ್ತಾರೆ, ಅದು ನನಗೆ ಬೇಸರ.

ಪಂಜಾಬಿನ ಪರಿಸ್ಥಿತಿಯೇ ಬೇರೆ. ಅಲ್ಲಿ ಹಸು, ಎಮ್ಮೆಗೆ ಗೋಧಿ ಹೊಟ್ಟು ಹಾಕುತ್ತಾರೆ, ಭತ್ತದ ಹುಲ್ಲು ಬೇಡದ ವಸ್ತು. ಕಂಬೈನ್ ಕೊಯ್ದು ಬಿಟ್ಟ ಆ ಹುಲ್ಲಿಗೆ ಬೆಂಕಿ ಇಡುತ್ತಾರೆ. ಹುಲ್ಲಿನ ನಡುವೆಯೇ ಗೋಧಿ ಬಿತ್ತಲಿ ಎಂದು ಲೂಧಿಯಾನದ ಕೃಷಿ ವಿಶ್ವವಿದ್ಯಾಲಯ 2000ದ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದವರ ಜೊತೆ ಸೇರಿ 'ಹ್ಯಾಪಿ ಸೀಡರ್' ಮಾಡಿತು. ಅವರಿಗೆ ಹುಲ್ಲು ಹೆಚ್ಚಾದ ತೊಂದರೆ, ನಮಗೆ ಸಾಲದ ತೊಂದರೆ. ಇಲ್ಲಿ ಡೇರಿ ಹಾಲಿನ ದುಡ್ಡಿನಲ್ಲೇ ಮನೆ ನಡೆಸುವವರು ಎಷ್ಟೋ ಜನ. ರಾಗಿ ಹುಲ್ಲಿನ ಮೆದೆ ಅಂದರೆ ಬೇಸಿಗೆಯ ಧೈರ್ಯ. ಅದನ್ನು ಹೊಲದಲ್ಲಿ ಹರಡಿ ಅಂತ ನಾನು ಹೇಳುವುದಿಲ್ಲ.

ಮಾಡಬಹುದಾದ್ದು ಇಷ್ಟು. ಭತ್ತವನ್ನು ಬುಡಕ್ಕೆ ಕೊಯ್ಯದೆ ಒಂದು ಗೇಣು ಕೂಳೆ ಬಿಡಿ. ಹಸು ಇಷ್ಟಪಡುವ ಮೇಲಿನ ಹುಲ್ಲು ಮನೆಗೆ ಬರುತ್ತದೆ, ಬುಡದ ಗಟ್ಟಿ ಭಾಗ ನೆಲ ಕಾಯುತ್ತದೆ. ಮೆಕ್ಕೆಜೋಳದ ಕಡ್ಡಿಯಲ್ಲೂ ಹಾಗೇ, ಸೋಗೆ ಮನೆಗೆ, ಬುಡ ಹೊಲಕ್ಕೆ. ಅವರೆ, ಹುರುಳಿ ಹಬ್ಬಿದರೆ ಅವೇ ನೆಲದ ಹೊದಿಕೆ.

ಊರಿನ ದನ, ಕುರಿ ಬಂದು ಇದ್ದ ಕೂಳೆಯನ್ನೂ ಮೇಯ್ದು ಹೋಗುತ್ತವಲ್ಲ ಎಂದು ಅರಸೀಕೆರೆ, ಕಡೂರಿನವರು ಕೇಳುತ್ತಾರೆ. ನಿಜ. ಕೊಯ್ಲಾದ ಹೊಲ ಎಲ್ಲರದ್ದು ಎಂಬ ರೂಢಿ ಇರುವ ಊರಲ್ಲಿ ಒಬ್ಬರೇ ಬೇಲಿ ಹಾಕುವುದು ಕಷ್ಟ. ಹಿಂದಿನಿಂದ ಕುರಿ ಮಂದೆ ನಿಲ್ಲಿಸಿ ಗೊಬ್ಬರ ಮಾಡಿಸುವ ಪದ್ಧತಿ ಇದೆಯಲ್ಲ, ಅದನ್ನು ಬಿಡಬೇಡಿ. ಮೇಯಿಸಿದ್ದಕ್ಕೆ ಹಿಕ್ಕೆ ಸಿಗಲಿ. ಪಕ್ಕದ ಹೊಲದವರೂ ಜೊತೆಗೆ ಹಿಂಗಾರಿ ಬೆಳೆ ಹಾಕಿದರೆ ಕಾವಲು ಸುಲಭ.

ಮಾಗಿ ಉಳುಮೆ ಮಾಡದಿದ್ರೆ ಹುಳ ಜಾಸ್ತಿ ಆಗಲ್ವಾ? ನಮ್ಮಪ್ಪ ಬಿಟ್ಟೋರೇ ಅಲ್ಲ.

ನಿಮ್ಮ ತಂದೆ ಮಾಡಿದ್ದು ಸರಿಯಾಗೇ ಇತ್ತು. ಕೊಯ್ಲಾದ ಮೇಲೆ ಮಾಡುವ ಮಾಗಿ ಉಳುಮೆಯಲ್ಲಿ ಹುಳುವಿನ ಕೋಶ ಮೇಲೆ ಬಿದ್ದು ಬಿಸಿಲಿಗೆ ಸಾಯುತ್ತದೆ, ಕೊಕ್ಕರೆ, ಮೈನಾ ಹೆಕ್ಕುತ್ತವೆ. 2018ರಲ್ಲಿ ದೇಶದಲ್ಲೇ ಮೊದಲು ಕರ್ನಾಟಕದಲ್ಲಿ ಕಂಡ, ಮೆಕ್ಕೆಜೋಳ ತಿನ್ನುವ ಸೈನಿಕ ಹುಳು, ಅದೇ ಫಾಲ್ ಆರ್ಮಿವರ್ಮ್, ಕೋಶ ಕಟ್ಟುವುದೂ ಮಣ್ಣಿನ ಮೇಲ್ಪದರದಲ್ಲೇ.

ಹಾಗಾಗಿ ನನ್ನ ಮಾತು ಸ್ಪಷ್ಟ: ಮೆಕ್ಕೆಜೋಳದ ಮೇಲೆ ಮೆಕ್ಕೆಜೋಳ ಹಾಕುವ ಹೊಲದಲ್ಲಿ ಉಳುಮೆ ಬಿಡಬೇಡಿ. ಬೆಳೆ ಬದಲಿಸಿದರೆ ಮಾತ್ರ ಬಿಡಿ. ಮೆಕ್ಕೆಜೋಳದ ಹಿಂದೆ ಅವರೆಯೋ ಹುರುಳಿಯೋ ಬಂದಾಗ ಆ ಹುಳುವಿನ ಮೇವು ತಪ್ಪುತ್ತದೆ. ಹೊದಿಕೆ ಇರುವ ನೆಲದಲ್ಲಿ ಇರುವೆ, ಜೇಡ, ನೆಲದ ದುಂಬಿಗಳು ಹೆಚ್ಚು, ಅವು ಹುಳು ತಿನ್ನುತ್ತವೆ. ಆದರೂ ಒಂದು ವರ್ಷ ಹುಳು ಮಿತಿ ಮೀರಿದರೆ ಆ ಬೇಸಿಗೆಯಲ್ಲಿ ಉಳುವುದೇ ಸರಿ.

ಕೂರಿಗೆ ಎಲ್ಲಿ ಸಿಗುತ್ತೆ? ನಮಗಿರೋದು ಎರಡು ಎಕರೆ.

9ರಿಂದ 11 ಸಾಲಿನ ಕೂರಿಗೆಗೆ 35ರಿಂದ 45 ಹೆಚ್‌ಪಿ ಟ್ರಾಕ್ಟರ್ ಬೇಕು. ಎರಡು ಎಕರೆಗೆ ಕೊಳ್ಳಬೇಡಿ. ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಇದೆಯಾ ಕೇಳಿ. ಇಲ್ಲದಿದ್ದರೆ ಕಂದಲಿ ಕೃಷಿ ವಿಜ್ಞಾನ ಕೇಂದ್ರ, ಕಾರೆಕೆರೆ ಕೃಷಿ ಕಾಲೇಜು, ಮೂಡಿಗೆರೆ ಕಡೆಯವರಾದರೆ ಅಲ್ಲಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಕೈಯಿಂದ ತಳ್ಳುವ ಬೀಜ ಊರುವ ಗಾಲಿಯೂ ಅರ್ಧ ಎಕರೆಗೆ ಸಾಕು. ಕೋಲಿನಿಂದ ಕುಣಿ ಮಾಡಿ ಎರಡೆರಡು ಕಾಳು ಹಾಕಿ ಹಿಮ್ಮಡಿಯಿಂದ ಒತ್ತುವುದೂ ಇದೇ ಪದ್ಧತಿ. ಇದನ್ನು ಹಿರಿಯರಿಗೆ ಯಾರೂ ಕಲಿಸಬೇಕಿಲ್ಲ.

## ಮಾಡಲು ಹೊರಟಾಗ

ಬಿತ್ತೋ ದಿನ ಹದ ಹೇಗೆ ನೋಡೋದು?

ಉಳುಮೆಗೆ ನೋಡುವ ಹದಕ್ಕಿಂತ ಇದು ಸ್ವಲ್ಪ ಹಸಿ. ಎರಡು ಇಂಚು ಕೆಳಗಿನ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಸುಕಿ. ಉಂಡೆ ನಿಲ್ಲಬೇಕು, ಬೆರಳ ಸಂದಿಯಲ್ಲಿ ಕೆಸರು ಬರಬಾರದು. ಉಂಡೆಯನ್ನು ಸೊಂಟದೆತ್ತರದಿಂದ ಬಿಟ್ಟರೆ ಎರಡು ಮೂರು ಹೋಳಾಗಬೇಕು. ಅಪ್ಪಚ್ಚಿಯಾಗಿ ಕೂತರೆ ಇನ್ನೊಂದು ದಿನ ಕಾಯಿರಿ. ಪುಡಿಯಾದರೆ ತಡವಾಗಿದೆ.

ಕೂರಿಗೆ ಹತ್ತು ಮಾರು ಹೋದ ಮೇಲೆ ನಿಲ್ಲಿಸಿ. ಬಗ್ಗಿ ಸೀಳಿಗೆ ಬೆರಳು ಹಾಕಿ ಬೀಜ ಹುಡುಕಿ. ಬೀಜ ಹಸಿ ಮಣ್ಣಿನ ಮೇಲೆ ಕೂತಿದೆಯಾ? ಮೇಲೆ ಮಣ್ಣು ಮುಚ್ಚಿದೆಯಾ? ಸೀಳಿನ ಗೋಡೆ ಬೆಣ್ಣೆ ಸವರಿದಂತೆ ಹೊಳೆಯುತ್ತಿದ್ದರೆ ಹಸಿ ಜಾಸ್ತಿ ಎಂದು ಅರ್ಥ. ಅಂಥ ಸೀಳು ಒಣಗಿದಾಗ ಬಾಯಿ ಬಿಡುತ್ತದೆ, ಬೇರು ಒಳಗೆ ಹೋಗದೆ ಸೀಳಿನ ಉದ್ದಕ್ಕೇ ಓಡುತ್ತದೆ. ಸೀಳಿನೊಳಗೆ ಹುಲ್ಲು ಮಡಚಿ ಸಿಕ್ಕಿಕೊಂಡಿದ್ದರೂ ಬೀಜಕ್ಕೆ ಮಣ್ಣು ತಾಗುವುದಿಲ್ಲ. ಡ್ರೈವರ್ ಅವಸರ ಮಾಡುತ್ತಾರೆ. ಆದರೂ ಹತ್ತು ನಿಮಿಷ ಇದಕ್ಕೆ ಕೊಡಿ. ಹುಟ್ಟುವಳಿ ಕೆಟ್ಟ ಹೊಲಗಳಲ್ಲಿ ತಪ್ಪು ಬಹುಪಾಲು ಇಲ್ಲೇ ಆಗಿರುತ್ತದೆ.

ಕಳೆಗೆ ಏನು ಮಾಡೋದು? ರೌಂಡಪ್ ಹೊಡೀಲೇಬೇಕಾ?

ಹೊಡೆಯಲೇಬೇಕು ಎಂದಿಲ್ಲ. ಭತ್ತ ಕೊಯ್ದ ಬೆನ್ನಿಗೇ ಬಿತ್ತಿದರೆ ಕಳೆ ಎದ್ದಿರುವುದೇ ಕಡಿಮೆ. ಇದ್ದಲ್ಲಿ ಕುಡುಗೋಲು ಅಥವಾ ವೀಡ್ ಕಟ್ಟರ್‌ನಲ್ಲಿ ಬುಡಕ್ಕೆ ಸವರಿ, ಅಲ್ಲೇ ಹರಡಿ, ಬಿತ್ತಿ.

ಗರಿಕೆ, ಕೊನ್ನಾರಿ ಗಡ್ಡೆ ತುಂಬಿದ ಹೊಲವಾದರೆ ಮಾತು ಬೇರೆ. ಅಲ್ಲಿ ಉಳುಮೆ ಬಿಡುವ ಮುಂಚೆ ಒಂದು ಬೇಸಿಗೆ ಪೂರ್ತಿ ಅದನ್ನು ತೆಗೆಯುವ ಕೆಲಸ ಮಾಡಿ. ಕೊನ್ನಾರಿ ಇರುವ ಹೊಲದಲ್ಲಿ ಉಳದೇ ಬಿತ್ತಿದರೆ ಕೊನ್ನಾರಿಯನ್ನೇ ಬೆಳೆದಂತೆ.

ರೌಂಡಪ್‌ನಲ್ಲಿರುವ ಗ್ಲೈಫೋಸೇಟ್ ಬಳಕೆಗೆ 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ನಿರ್ಬಂಧ ತಂದಿದೆ, ಅಂಗಡಿಯವರ ಮಾತು ಕೇಳಿ ಮನಸ್ಸಿಗೆ ಬಂದಂತೆ ಹೊಡೆಯಬೇಡಿ. ಪ್ಯಾರಾಕ್ವಾಟ್ ಎಂಬ ಇನ್ನೊಂದು ಕಳೆನಾಶಕದ ಬಗ್ಗೆ ಇನ್ನೂ ಎಚ್ಚರ ಬೇಕು. ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿವಿಷವೇ ಇಲ್ಲ. ಕುಡಿಯುವ ನೀರಿನ ಬಾಟಲಿಗೆ ಬಗ್ಗಿಸಿಡುವುದಂತೂ ಖಂಡಿತ ಬೇಡ.

ಕೊಟ್ಟಿಗೆ ಗೊಬ್ಬರ, ಸುಣ್ಣ ಮಣ್ಣಿಗೆ ಸೇರಿಸೋದು ಹೇಗೆ ಮತ್ತೆ?

ಚೆನ್ನಾಗಿ ಕಳಿತ ಗೊಬ್ಬರವನ್ನು ಮೇಲೇ ಹರಡಿ, ಎರೆಹುಳು ಒಳಗೆ ಒಯ್ಯುತ್ತವೆ. ಹಸಿ ಗೊಬ್ಬರ ಮೇಲೆ ಬಿಟ್ಟರೆ ಸಾರ ಗಾಳಿಗೆ ಹೋಗುತ್ತದೆ. ಯೂರಿಯವನ್ನೂ ಒಣ ಹುಲ್ಲಿನ ಮೇಲೆ ಎರಚಬೇಡಿ. ಸಾಲಿಗೆ ಕೊಡಿ, ಇಲ್ಲ ನೀರು ಕೊಡುವ ಮುಂಚೆ ಹಾಕಿ. ಹುಲ್ಲು ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಸ್ವಲ್ಪ ಕಾಲ ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೇ ಮೊದಲ ಒಂದೆರಡು ವರ್ಷ ಪೈರು ಎಳೆಯದರಲ್ಲಿ ತಿಳಿ ಹಸಿರಾಗಿ ಕಾಣಬಹುದು. ಕಾಳು ಬೆಳೆಗೆ ಬೀಜಕ್ಕೆ ಗಾಳಿಯ ಸಾರಜನಕ ಹಿಡಿದುಕೊಡುವ ರೈಜೋಬಿಯಂ ಸೂಕ್ಷ್ಮಜೀವಿ ಲೇಪಿಸಿದರೆ ಆ ಚಿಂತೆ ಕಡಿಮೆ.

ಸುಣ್ಣ ಮಾತ್ರ ಮೇಲಿಂದ ಕೆಳಗೆ ಬಹಳ ನಿಧಾನ ಇಳಿಯುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆಯ ಹುಳಿ ಮಣ್ಣಿನವರು ಮಣ್ಣು ಪರೀಕ್ಷೆ ಮಾಡಿಸಿ, ಬೇಕಾದ ಸುಣ್ಣವನ್ನು ಕೊನೆಯ ಉಳುಮೆಯಲ್ಲೇ ಸೇರಿಸಿಬಿಡಿ.

ಉಳದಿದ್ರೆ ನೆಲ ಕಲ್ಲಾಗಲ್ವಾ?

ಮೊದಲ ವರ್ಷ ಗಟ್ಟಿ ಅನಿಸುತ್ತದೆ. ಕಾರಣ ಹಿಂದಿನ ಉಳುಮೆಯೇ. ರೋಟವೇಟರ್ ಮೇಲಿನ ನಾಲ್ಕೈದು ಇಂಚು ಹಿಟ್ಟು ಮಾಡಿ ಅದರ ಕೆಳಗೆ ಗಟ್ಟಿ ಪದರ ಬಿಟ್ಟಿರುತ್ತದೆ. ಭತ್ತದ ಗದ್ದೆಯಲ್ಲಿ ಕೆಸರು ತುಳಿದ ಪದರ ಇರುತ್ತದೆ. ಒಂದು ಸನಿಕೆ ಮಣ್ಣನ್ನು ಇಟ್ಟಿಗೆಯಂತೆ ಎತ್ತಿ, ಅಡ್ಡಕ್ಕೆ ಮುರಿದು ನೋಡಿ. ಬೇರು ಒಂದು ಮಟ್ಟದಲ್ಲಿ ನಿಂತು ಪಕ್ಕಕ್ಕೆ ತಿರುಗಿದ್ದರೆ ಅಲ್ಲೇ ಆ ಪದರ ಇದೆ. ಅಂಥ ಹೊಲಕ್ಕೆ ಒಣ ಬೇಸಿಗೆಯಲ್ಲಿ ಒಮ್ಮೆ ಆಳದ ಗಟ್ಟಿ ಪದರ ಸೀಳುವ ಸಬ್‌ಸಾಯ್ಲರ್ ಹಾಕಿಸಿ ಆಮೇಲೆ ಶುರು ಮಾಡಿ.

ಉಳುಮೆ ಬಿಟ್ಟು ಕೆಲವು ವರ್ಷವಾದ ಹೊಲದ ಹೋಳಿನಲ್ಲಿ ಬೇರೆಯೇ ಕಾಣುತ್ತದೆ. ಕೊಳೆತ ಹಳೆ ಬೇರಿನ ಕೊಳವೆಗಳು, ಎರೆಹುಳುವಿನ ಬಿಲಗಳು, ಅದರೊಳಗೇ ಇಳಿದ ಹೊಸ ಬಿಳಿ ಬೇರು. ಮಳೆ ನೀರೂ ಅದೇ ದಾರಿಯಲ್ಲಿ ಇಳಿಯುತ್ತದೆ. ಇದು ಹೊದಿಕೆ ಇದ್ದರೆ ಮಾತ್ರ. ಬೋಳು ನೆಲವನ್ನು ಉಳದೇ ಬಿಟ್ಟರೆ ನೀವು ಹೆದರಿದಂತೆಯೇ ಗಟ್ಟಿಯಾಗುತ್ತದೆ.

## ಆಳಕ್ಕೆ ಇಳಿದವರಿಗೆ

ಉಳುಮೆ ಬಿಟ್ಟರೆ ಇಳುವರಿ ಇಳಿಯುತ್ತೆ ಅಂತ ಓದಿದೀನಿ. ನಿಜನಾ?

ಬರೀ ಉಳುಮೆ ಬಿಟ್ಟು ಬೇರೇನೂ ಮಾಡದಿದ್ದರೆ ಸ್ವಲ್ಪ ನಿಜ. 63 ದೇಶಗಳ, 48 ಬೆಳೆಗಳ 610 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಬಂದ ಲೆಕ್ಕದಲ್ಲಿ ಇಳುವರಿ ಸರಾಸರಿ 5.7% ಇಳಿದಿತ್ತು. ಅದೇ ಲೆಕ್ಕದ ಇನ್ನೊಂದು ಸಾಲು ನಮಗೆ ಮುಖ್ಯ. ಮಳೆಯಾಶ್ರಿತ ಒಣ ಪ್ರದೇಶದಲ್ಲಿ ಉಳುಮೆ ಬಿಟ್ಟು, ಹೊದಿಕೆ ಉಳಿಸಿ, ಬೆಳೆಯನ್ನೂ ಬದಲಿಸಿದಾಗ ಇಳುವರಿ 7.3% ಏರಿತ್ತು. ಅರಸೀಕೆರೆ, ಕಡೂರಿನ ಬಯಲಿನವರು ಈ ಎರಡನೇ ಸಾಲನ್ನು ಗಮನಿಸಲಿ. ಮಲೆನಾಡಿನ ಅಂಚಿನ, ನೀರು ನಿಲ್ಲುವ ಜೌಗು ತಾಕಿನವರು ಮೊದಲನೇ ಸಾಲನ್ನು.

ಇಲಿ, ಗೆದ್ದಲು?

ಎರಡೂ ಹೆಚ್ಚಾಗಬಹುದು, ಇಲಿಯಂತೂ ಖಂಡಿತ. ಉಳದ ಹೊಲದಲ್ಲಿ ಬಿಲ ಮುರಿಯುವವರಿಲ್ಲ. ಬದುವಿನ ಹುಲ್ಲು ಸವರಿಡಿ, ಬಿಲಗಳನ್ನು ಬಿತ್ತುವ ಮುಂಚೆಯೇ ಮುಚ್ಚಿ ನೋಡಿ, ಮತ್ತೆ ತೆರೆದುಕೊಂಡದ್ದರಲ್ಲಿ ಇಲಿ ಇದೆ. ಗೂಬೆ ಕೂರಲು ಟಿ ಆಕಾರದ ಕೋಲು ನೆಡಿ. ಪಕ್ಕದವರೂ ಅದೇ ವಾರ ಮಾಡಿದರೆ ಮಾತ್ರ ಫಲ. ಗೆದ್ದಲು ಒಣ ಕಡ್ಡಿಗೆ ಬರುತ್ತದೆ, ಹಸಿ ಇರುವವರೆಗೂ ಪೈರಿಗೆ ತೊಂದರೆ ಕಡಿಮೆ.

ಕಾರ್ಬನ್ ಕ್ರೆಡಿಟ್ ಅಂತ ದುಡ್ಡು ಬರುತ್ತಂತೆ, ಸಹಿ ಹಾಕಬಹುದಾ?

ಮಣ್ಣಿನಲ್ಲಿ ಇಂಗಾಲ ಹಿಡಿದಿಟ್ಟ ಲೆಕ್ಕಕ್ಕೆ ಕೊಡುವ ದುಡ್ಡು ಅದು. ಉಳಿದ ಡೀಸೆಲ್ ಖಚಿತ ಲಾಭ. ಒಂದು ಲೀಟರ್ ಉರಿದರೆ 2.6 ಕೆಜಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಮಣ್ಣಿನಲ್ಲಿ ಸೇರುವ ಇಂಗಾಲದ ಲೆಕ್ಕ ಅಷ್ಟು ಸಲೀಸಲ್ಲ. ಮೇಲಿನ ಎರಡು ಮೂರು ಇಂಚಿನಲ್ಲಿ ಹೆಚ್ಚುತ್ತದೆ, ಕೆಳಗಿನ ಪದರ ಸೇರಿಸಿ ಅಳೆದರೆ ಹೆಚ್ಚಳ ಸಣ್ಣದು. ಹಾಗಾಗಿ ಎಷ್ಟು ವರ್ಷ ಉಳಬಾರದು, ಮಧ್ಯೆ ಬಿಟ್ಟರೆ ಏನು, ದುಡ್ಡು ಯಾವಾಗ ಎಂಬುದು ಕನ್ನಡದಲ್ಲಿ ಬರೆದುಕೊಡದೇ ಇದ್ದರೆ ಸಹಿ ಹಾಕಬೇಡಿ.

ಮಧ್ಯೆ ಒಂದು ವರ್ಷ ಉತ್ತುಬಿಟ್ರೆ ಎಲ್ಲಾ ಹಾಳಾಯ್ತಾ?

ಇಲ್ಲ. ಬಿಲಗಳು, ಕೊಳವೆಗಳು ಮುರಿಯುತ್ತವೆ, ಮೇಲೆ ಸೇರಿದ್ದ ಸಾರ ಒಂದಷ್ಟು ಬೇಗ ಕರಗುತ್ತದೆ, ಮತ್ತೆ ಕಟ್ಟಲು ಒಂದೆರಡು ವರ್ಷ ಬೇಕು. ಹಾಸನದಲ್ಲಿ ಆಲೂಗಡ್ಡೆ ಹಾಕುವವರು ಹೇಗೂ ಉಳಬೇಕು. ಅಂಥವರು ಹೊಲವನ್ನು ಎರಡು ತಾಕು ಮಾಡಿ. ಒಂದರಲ್ಲಿ ಆಲೂಗಡ್ಡೆ, ಇನ್ನೊಂದರಲ್ಲಿ ಮೆಕ್ಕೆಜೋಳ, ಅದರ ಕೂಳೆಯಲ್ಲಿ ಉಳದೇ ಹುರುಳಿ ಅಥವಾ ಅವರೆ. ಮೂರು ವರ್ಷಕ್ಕೊಮ್ಮೆ ತಾಕು ಬದಲಿಸಿ. ಪ್ರತಿ ತಾಕಿನ ಖರ್ಚು, ಬಿತ್ತಿದ ದಿನ, ಕಾಳಿನ ತೂಕ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದಿನ ಸಲ ಕೇಳುವಾಗ ಅದನ್ನು ತನ್ನಿ, ನಿಮ್ಮ ಹೊಲದ್ದೇ ಲೆಕ್ಕ ಇಟ್ಟುಕೊಂಡು ಮಾತಾಡೋಣ.